ಕಿವಿಮುದ್ರೆ

ಸತ್ತ ಪ್ರಾಣಿಯೇ ತನ್ನ ಸಾವಿನ ಸುದ್ದಿಯನ್ನು ಹೇಳುವಂತಾದರೆ ಹೇಗೆ ಎಂಬ ಯೋಚನೆ ದಾಕ್ಷಾಯಣಿ ಕೊಪ್ಪದಳಿಗೆ ಬಂದದ್ದು ಅಳಲಗೇರಿ ಕ್ರಾಸಿನ ತಪಾಸಣೆ ಕಟ್ಟೆಯ ಮೇಲೆ. ಆಗ ಅವಳು ಒಂದು ಸುಳ್ಳು ಲೆಕ್ಕವನ್ನು ಎದುರಿಗಿಟ್ಟುಕೊಂಡು ಕೂತಿದ್ದಳು.

ಕಾಡುಹಂದಿ ಬೇಟೆಗೆ ಪರವಾನಗಿ ಕೊಡಲು ಶುರುವಾಗಿ ಆಗ ಒಂಬತ್ತು ವರ್ಷವಾಗಿತ್ತು. ಗೋವಿನಜೋಳದ ಹೊಲಗಳಿಗೆ ನುಗ್ಗುವ ಹಂದಿಯನ್ನು ಪರವಾನಗಿ ಉಳ್ಳವರು ಹೊಡೆಯಬಹುದು, ಆದರೆ ಹೊಡೆದದ್ದನ್ನು ಅದೇ ದಿನ ಹತ್ತಿರದ ಕಟ್ಟೆಗೆ ತಂದು ತೋರಿಸಬೇಕು. ಇದು ಕಾನೂನು. ಅಳಲಗೇರಿಯ ಕಟ್ಟೆಯೆಂದರೆ ನಾಲ್ಕು ಕಂಬದ ಮೇಲೊಂದು ತಗಡು, ಒಂದು ಚಪ್ಪಡಿ ಕಲ್ಲು, ತೂಗುವ ಕೊಂಡಿ, ನೀರಿನ ನಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವನು ಹುಲಗಪ್ಪ ತಳವಾರ. ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಜವಾನನಾಗಿ ದುಡಿದು ನಿವೃತ್ತನಾದವನು. ಬಂದ ಹಂದಿಯ ಬಾಯಿ ಅಗಲಿಸಿ ದವಡೆಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಪುಪ್ಪುಸ ಕೊಯ್ದು ಬಣ್ಣ ನೋಡುತ್ತಿದ್ದ. ಹೆಣ್ಣಾದರೆ ಗರ್ಭ ಸೀಳಿ ಒಳಗಿನ ಮರಿಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟು ಎಣಿಸಿ ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಬೇಟೆಗಾರರು ಬೀಡಿ ಹಚ್ಚಿಕೊಂಡು ಸುತ್ತ ಕೂತು, ಯಾರ ನಾಯಿಯನ್ನು ಹಂದಿ ಸೀಳಿತು, ಯಾರ ಗುರಿ ತಪ್ಪಿತು ಎಂದು ಹರಟುತ್ತಿದ್ದರು.

ಎಲ್ಲ ಸರಿ, ಆದರೆ ಕಟ್ಟೆಗೆ ಬರುತ್ತಿದ್ದದ್ದು ಹೊಡೆದ ಹತ್ತು ಹಂದಿಗಳಲ್ಲಿ ನಾಲ್ಕು ಮಾತ್ರ. ಮಾರಾಟವಾದ ತೋಟಾಗಳ ಸಂಖ್ಯೆಯನ್ನೂ ರಿಜಿಸ್ಟರನ್ನೂ ಹೋಲಿಸಿ ಅದನ್ನು ಕಂಡುಹಿಡಿದವಳು ದಾಕ್ಷಾಯಣಿಯೇ. ಅರವತ್ತು ಕಿಲೋ ಹೆಣವನ್ನು ಬೈಕಿಗೆ ಕಟ್ಟಿಕೊಂಡು ಇಪ್ಪತ್ತು ಮೈಲಿ ಯಾರು ಬರುತ್ತಾರೆ? ಧಾರವಾಡದ ವನ್ಯಜೀವಿ ಗಣತಿ ಕೇಂದ್ರದಲ್ಲಿ ಅವಳು ಸಂಖ್ಯಾಶಾಸ್ತ್ರದ ವಿಜ್ಞಾನಿ. ಅರ್ಧ ಸುಳ್ಳಾದ ಲೆಕ್ಕದ ಮೇಲೆ ಮುಂದಿನ ವರ್ಷ ಎಷ್ಟು ಹಂದಿ ಹೊಡೆಯಬೇಕೆಂದು ಸರ್ಕಾರ ತೀರ್ಮಾನಿಸುವುದನ್ನು ನೋಡುವುದು ಅವಳಿಗೆ ಮೈಯಲ್ಲಿ ಮುಳ್ಳು ಆಡಿಸಿದಂತಾಗುತ್ತಿತ್ತು.

ಎರಡು ವರ್ಷದ ದುಡಿಮೆಯ ನಂತರ ಕಿವಿಮುದ್ರೆ ಬಂತು. ಕೋಟಿನ ಗುಂಡಿಯಷ್ಟು ದೊಡ್ಡದು. ಸತ್ತ ಹಂದಿಯ ಕಿವಿಗೆ ಅದನ್ನು ಒತ್ತಿದರೆ ಒಳಗಿನ ಸೂಜಿ ಒಂದು ಹನಿ ರಕ್ತ ಹೀರುತ್ತಿತ್ತು. ರಕ್ತದಿಂದ ಜಾತಿ, ಲಿಂಗ, ವಯಸ್ಸು, ಮೈಯ ಬಿಸಿಯಿಂದ ಸತ್ತ ಹೊತ್ತು, ಉಪಗ್ರಹದಿಂದ ಜಾಗ, ಬೇಟೆಗಾರನ ಫೋನು ತೆಗೆದ ಮೂರು ಫೋಟೋಗಳಿಂದ ತೂಕ. ನಲವತ್ತು ಸೆಕೆಂಡಿನಲ್ಲಿ ಎಲ್ಲವೂ ಧಾರವಾಡದ ಪರದೆಯ ಮೇಲೆ. ಮುದ್ರೆಯಿಲ್ಲದ ಮಾಂಸ ಸಾಗಿಸಿದರೆ ಅಪರಾಧ. ಮೊದಲ ವರ್ಷವೇ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಹಂದಿಗಳು ಲೆಕ್ಕಕ್ಕೆ ಸಿಕ್ಕವು. ನಾಲ್ಕು ಜಿಲ್ಲೆಯ ಮೂವತ್ತೊಂದು ಕಟ್ಟೆಗಳನ್ನು ಮುಚ್ಚಲು ಆದೇಶವಾಯಿತು.

ಅಳಲಗೇರಿಯ ರಿಜಿಸ್ಟರುಗಳನ್ನು ಒಯ್ಯಲು ದಾಕ್ಷಾಯಣಿ ತಾನೇ ಹೋದಳು. ಹುಲಗಪ್ಪ ಅವನ್ನು ಒರೆಸಿ ದಾರ ಕಟ್ಟಿ ಇಟ್ಟಿದ್ದ.

"ಎಲ್ಲಾ ಛಲೋ ಐತ್ರಿ ಅಕ್ಕಾರ," ಎಂದ, ಮುದ್ರೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ. "ಖರೇ, ಹೊಟ್ಟಿ ಯಾರು ನೋಡತಾರ?"

"ಹೊಟ್ಟಿ ನೋಡೂದು ಇನ್ನ ಬೇಕಾಗಿಲ್ಲ ಕಾಕಾ. ನೀವು ನೋಡಿದ್ದು ಎಲ್ಲಾ ಇದರಾಗ ಐತೆಲ್ಲ. ಒಂದು ಹೆಣ್ಣಿಗೆ ಸರಾಸರಿ ಐದು ಮರಿ. ಅದನ್ನ ಲೆಕ್ಕದಾಗ ಕೂಡಿಸೇನಿ."

"ಅದು ಹಿಂದಿಂದು ಆತಲ್ರೀ. ಮುಂದಿಂದು?"

ದಾಕ್ಷಾಯಣಿ ನಕ್ಕಳು. "ಹಂದಿ ಹಂದೀನ ಕಾಕಾ. ಮುಂದೂ ಐದ ಹಾಕತೈತಿ."

ಅವನೂ ನಕ್ಕ. ಲೆಕ್ಕ ಕಲಿತವಳ ಎದುರು ವಾದಿಸುವ ಮನುಷ್ಯ ಅವನಲ್ಲ.

*

ಅಳಲಗೇರಿ ದಾಕ್ಷಾಯಣಿಗೆ ಬರೀ ಕೆಲಸದ ಊರಾಗಿರಲಿಲ್ಲ. ತಂಗಿ ಸುವರ್ಣಾಳನ್ನು ಕೊಟ್ಟದ್ದು ಅಲ್ಲಿಗೇ. ಸುವರ್ಣಾ ಮತ್ತು ಅವಳ ಗಂಡ ಬಸಲಿಂಗ ಊರ ನಡುವೆ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಆ ವರ್ಷಗಳಲ್ಲಿ ಬಿಳಿಜೋಳ ಬಿತ್ತುವವರು ಕಡಿಮೆಯಾಗಿ, ಮೆತ್ತಗಿನ ಹಿಟ್ಟಿನ ಹೊಸ ಗೋವಿನಜೋಳ ಬಂದಿತ್ತು. ರೊಟ್ಟಿ ಬಡಿದರೆ ಅಂಚು ಒಡೆಯುತ್ತಿರಲಿಲ್ಲ. ಮೊದಮೊದಲು ಮೂಗು ಮುರಿದ ಹೆಂಗಸರೇ ಆಮೇಲೆ ಸಾಲುಗಟ್ಟಿ ನಿಂತು ಬೀಸಿಸಿಕೊಂಡು ಹೋದರು. ಸುವರ್ಣಾ ಗಿರಣಿಯ ಬಾಯಿಗೆ ಕೈಯೊಡ್ಡಿ, ಹಿಟ್ಟು ನುಣುಪಾಗಿದೆಯೇ ಎಂದು ಬೆರಳಲ್ಲಿ ತಿಕ್ಕಿ ನೋಡಿ, ಒಂದು ಚಿಟಿಕೆ ಬಾಯಿಗೂ ಹಾಕಿಕೊಳ್ಳುತ್ತಿದ್ದಳು. ಅವಳ ಹುಬ್ಬು, ರೆಪ್ಪೆ ಸದಾ ಹಳದಿ.

ಮದುವೆಯಾಗಿ ಆರು ವರ್ಷಕ್ಕೆ ಸುವರ್ಣಾ ಬಸುರಿಯಾದಳು. ಧಾರವಾಡದಲ್ಲಿ ದಾಕ್ಷಾಯಣಿಯ ಜೊತೆಗಿದ್ದ ಅವರ ತಾಯಿ ಗೌರವ್ವ ಸುದ್ದಿ ಕೇಳಿದ್ದೇ ಚೀಲ ಕಟ್ಟಿಕೊಂಡು ಅಳಲಗೇರಿಗೆ ಹೊರಟು ನಿಂತಳು.

"ಏಳ ತಿಂಗಳದಾಗ ಸೀರಿ ಉಡಿಸಿ ಕುಬಸಾ ಮಾಡಿದ್ರಾತು, ಈಗ ಯಾಕ ಹೊಂಟಿ?" ಎಂದಳು ದಾಕ್ಷಾಯಣಿ.

"ನೀ ಹಂದಿ ಎಣಿಸವಾ. ನನಗ ನನ್ನ ಮಗಳನ್ನ ನೋಡಗೊಡು," ಎಂದಳು ಗೌರವ್ವ. ಮದುವೆ ಬೇಡವೆಂದ ಹಿರಿಯ ಮಗಳ ಮೇಲೆ ಅವಳಿಗೆ ಹಳೆಯ ಸಿಟ್ಟೊಂದಿತ್ತು. ಅದು ಈಗ ಮಾತಿನಲ್ಲಷ್ಟೇ ಉಳಿದಿತ್ತು.

ಅದು ಶ್ರಾವಣ ಮಾಸ. ಅದೇ ವಾರ ನಿಯಂತ್ರಣ ಕೋಣೆಯ ದೊಡ್ಡ ಪರದೆಯಲ್ಲಿ ದಾಕ್ಷಾಯಣಿ ಒಂದು ವಿಚಿತ್ರ ಕಂಡಳು.

ಪರದೆಯ ಮೇಲೆ ನಾಲ್ಕು ಜಿಲ್ಲೆಯ ನಕ್ಷೆ. ಹಂದಿ ಕಡಿಮೆಯಾದಷ್ಟೂ ಹಳ್ಳಿ ಹಸಿರಾಗುತ್ತಿತ್ತು. ಅಳಲಗೇರಿ, ಚಿಕ್ಕಬೆಂಡಿ, ತೋಟದೂರ, ಮುಗಳಿಕೊಪ್ಪ ಎಲ್ಲಕ್ಕಿಂತ ಹಸಿರು. ನಿರ್ದೇಶಕ ಅರವಿಂದ ಹೆಬಸೂರ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು. ದಾಕ್ಷಾಯಣಿ ಕಂಡದ್ದು ಬೇರೆ. ತೂಕದ ಪಟ್ಟಿಯಲ್ಲಿ ಇಪ್ಪತ್ತು ಕಿಲೋಗಿಂತ ಕಡಿಮೆಯ ಕಾಲಮ್ಮು ಖಾಲಿ ಇತ್ತು. ಆ ವರ್ಷ ಹುಟ್ಟಿದ ಮರಿ ಒಂದೂ ಇರಲಿಲ್ಲ. ಕಡಿಮೆ ಅಂತಲ್ಲ, ಇರಲೇ ಇಲ್ಲ.

ಅವಳು ಅರ್ಧ ದಿನ ಅದನ್ನೇ ನೋಡಿದಳು. ಸಣ್ಣ ಮರಿಗೆ ಮುದ್ರೆ ಖರ್ಚು ಮಾಡಲು ಬೇಟೆಗಾರರಿಗೆ ಬೇಸರ ಇರಬೇಕು, ಹಾಗೇ ಚೀಲಕ್ಕೆ ಹಾಕಿಕೊಂಡು ಹೋಗುತ್ತಿರಬೇಕು ಎನಿಸಿತು. ಸಮಂಜಸವಾದ ವಿವರಣೆ. ಮಾದರಿಗೆ 'ಸಣ್ಣ ಮರಿ ತಿದ್ದುಪಡಿ' ಎಂಬ ಒಂದು ಸಾಲು ಸೇರಿಸಿದಳು. ಐದರ ಸರಾಸರಿಯಂತೆ ಹುಟ್ಟಬೇಕಾಗಿದ್ದ ಮರಿಗಳನ್ನು ಯಂತ್ರ ತಾನೇ ಹುಟ್ಟಿಸಿ, ತಾನೇ ಬೇಟೆಯಾಡಿಸಿ, ಕಾಲಮ್ಮು ತುಂಬಿತು.

ಎರಡು ದಿನ ಬಿಟ್ಟು ಹುಲಗಪ್ಪ ಫೋನು ಮಾಡಿದ. ಕಟ್ಟೆ ಮುಚ್ಚಿದ ಮೇಲೆ ಅವನು ಅವಳಿಗೆ ಫೋನು ಮಾಡಿದ್ದು ಅದೇ ಮೊದಲು.

"ಅಕ್ಕಾರ, ಹಳ್ಳದ ಕೆಸರಿನ್ಯಾಗ ದೊಡ್ಡ ಹೆಜ್ಜಿ ಅಷ್ಟ ಅದಾವ್ರಿ. ಮರಿ ಹೆಜ್ಜಿ ಒಂದೂ ಕಾಣವಲ್ವು. ಹೆಣ್ಣು ಒಂದೊಂದ ತಿರಗತಾವು. ನಾ ಹುಟ್ಟಿದ ಮ್ಯಾಲೆ ಹಿಂಗ ಕಂಡಿಲ್ಲ."

"ಬೇಟೆ ಜೋರು ನಡದೈತಿ ಕಾಕಾ, ಅದಕ್ಕ ಹಿಂಡು ಒಡದಿರಬೇಕು."

"ಇರಬಹುದ್ರಿ. ಒಂದು ಹೆಣ್ಣು ಕೊಯ್ದು ನೋಡಿದ್ರ ಛಲೋ ಇತ್ತು. ನನಗ ಈಗ ಕೊಯ್ಯಾಕ ಪರವಾನಗಿ ಇಲ್ಲಲ್ರಿ."

"ನೋಡೂಣ," ಎಂದಳು ದಾಕ್ಷಾಯಣಿ. ಆ ಸಂಜೆ ದೆಹಲಿಯಿಂದ ಬರುವವರಿಗೆ ವರದಿ ಸಿದ್ಧಪಡಿಸಬೇಕಿತ್ತು. ಮತ್ತೆರಡು ರಾಜ್ಯಗಳು ಕಿವಿಮುದ್ರೆ ಕೊಳ್ಳಲು ಮುಂದೆ ಬಂದಿದ್ದವು. ಆಮೇಲೆ ಅವಳು ಮರೆತಳು.

*

ಮಾರ್ಗಶಿರದಲ್ಲಿ ಒಂದು ಮಧ್ಯಾಹ್ನ ಗೌರವ್ವ ಫೋನು ಮಾಡಿ ಬರೀ ಅತ್ತಳು. ಬಸಲಿಂಗ ಫೋನು ಇಸಿದುಕೊಂಡು, "ಅಕ್ಕಾರ, ತಾಲೂಕಿನ ಹೆರಿಗಿ ಆಸ್ಪತ್ರಿಗೆ ಬರ್ರಿ," ಎಂದಷ್ಟೇ ಹೇಳಿದ.

ದಾಕ್ಷಾಯಣಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆರು ತಿಂಗಳ ಕೂಸು. ಹೊಟ್ಟೆಯೊಳಗೇ ಸತ್ತು ಹದಿನೈದು ದಿನವಾಗಿರಬೇಕೆಂದರು ವೈದ್ಯರು. ಸುವರ್ಣಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಿವಿಯ ಹಿಂದೆ ಇನ್ನೂ ಹಿಟ್ಟಿನ ಹಳದಿ ಉಳಿದಿತ್ತು.

"ನಾ ಏನೂ ಭಾರ ಎತ್ತಿಲ್ಲಕ್ಕಾ," ಎಂದಳು ತಿರುಗದೆ. "ಅವ್ವನ್ನ ಕೇಳು. ಚೀಲ ಒಂದೂ ಎತ್ತಿಲ್ಲ."

"ಇಲ್ಲವಾ. ನಿಂದೇನು ತಪ್ಪಿಲ್ಲ."

"ದ್ಯಾಮಕ್ಕಂದೂ ಹೋತು. ಕುಂಬಾರ ಓಣಿ ಸೊಸೀದೂ ಹೋತು. ಊರಿಗೆ ದೃಷ್ಟಿ ಆಗೇತಿ ಅಂತಾರ."

ಹೊರಗೆ ದಾಖಲೆ ಬರೆಯುತ್ತಿದ್ದ ನರ್ಸು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತ ತನ್ನಷ್ಟಕ್ಕೆಂಬಂತೆ ಹೇಳಿದಳು: "ಈ ತಿಂಗಳದಾಗ ಇದು ಹನ್ನೊಂದನೇದ್ರಿ. ಎಲ್ಲಾ ಅದ ಕಡೇವು. ಅಳಲಗೇರಿ, ಮುಗಳಿಕೊಪ್ಪ, ತೋಟದೂರ, ಚಿಕ್ಕಬೆಂಡಿ..."

ದಾಕ್ಷಾಯಣಿಯ ಕೈಯಲ್ಲಿ ಪೆನ್ನು ನಿಂತಿತು. ಆ ನಾಲ್ಕು ಹೆಸರುಗಳನ್ನು ಅವಳು ದಿನಾ ನೋಡುತ್ತಿದ್ದಳು. ಒಂದರ ಪಕ್ಕ ಒಂದು, ಕಣ್ಣಿಗೆ ತಂಪಾಗುವ ಹಸಿರಿನಲ್ಲಿ.

ಅವಳು ಅಲ್ಲಿಂದ ನೇರ ಹುಲಗಪ್ಪನ ಮನೆಗೆ ಹೋದಳು. ಆಸ್ಪತ್ರೆಯ ಸುದ್ದಿ ಹೇಳಿದಳು. ಅವನು ಏನನ್ನೂ ಕೆದಕದೆ, "ಒಂದು ಹೆಣ್ಣು ಬೇಕಲ್ರಿ?" ಎಂದ.

ಹೆಣ್ಣು ಸಿಗಲು ನಾಲ್ಕು ದಿನ ಬೇಕಾಯಿತು. ಮೊದಲಾಗಿದ್ದರೆ ಒಂದು ಬೆಳಗಿನ ಕೆಲಸ. ಐದನೆಯ ದಿನ ಮುಂಜಾನೆ ಕಟ್ಟೆಯ ಚಪ್ಪಡಿಯ ಮೇಲೆ ಹಂದಿಯನ್ನು ಮಲಗಿಸಿ ಹುಲಗಪ್ಪ ಚಾಕು ಹಾಕಿದ. ಗರ್ಭಕೋಶ ಕೆಂಪಾಗಿ, ತುಂಬು ಬಸುರಿನಂತೆ ಉಬ್ಬಿತ್ತು. ಅದನ್ನು ಸೀಳಿದಾಗ ಒಳಗಿದ್ದವು ಮರಿಗಳೆಂದು ಹೇಳಲು ಅವನೇ ಬೇಕಾಯಿತು. ಬಿಸಿಲಿಗೆ ಬಿದ್ದ ಬೋರೆಹಣ್ಣಿನ ಹಾಗೆ ಸುಕ್ಕಾಗಿ, ಕಪ್ಪಾಗಿ, ಹಗುರಾಗಿದ್ದವು. ಅವನು ಒಂದೊಂದಾಗಿ ಸಾಲಿಟ್ಟ.

"ಆರು. ಆರೂ ಒಣಗ್ಯಾವು. ಬರಕೋರಿ."

ದಾಕ್ಷಾಯಣಿ ಚೀಲ ತಡಕಿದಳು. ಬರೆದುಕೊಳ್ಳಲು ಅವಳ ಬಳಿ ರಿಜಿಸ್ಟರ್ ಇರಲಿಲ್ಲ. ಫೋನಿನ ನಮೂನೆಯಲ್ಲಿ ಇದನ್ನು ತುಂಬುವ ಜಾಗವೇ ಇರಲಿಲ್ಲ. ಕೊನೆಗೆ ಬಸ್ಸಿನ ಟಿಕೆಟಿನ ಹಿಂದೆ ಬರೆದಳು.

*

ಹಂದಿಯ ಹೊಟ್ಟೆಯಲ್ಲಿದ್ದ ಕಾಳನ್ನೂ ಸುವರ್ಣಾಳ ಗಿರಣಿಯ ಹಿಟ್ಟನ್ನೂ ದಾಕ್ಷಾಯಣಿ ಕೇಂದ್ರದ ಪ್ರಯೋಗಾಲಯಕ್ಕೆ ಒಯ್ದಳು. ಒಂದು ವಾರ ಮನೆಗೆ ಹೋಗಲಿಲ್ಲ. ಎರಡರಲ್ಲೂ ಒಂದೇ ವಸ್ತು ಸಿಕ್ಕಿತು. ಹಿಂದಿನ ವರ್ಷ ಕೊಯ್ಲಿನ ಹೊತ್ತಿಗೆ ಹಿಡಿದ ಜಡಿಮಳೆಯಲ್ಲಿ ತೆನೆಯೊಳಗೆ ಹೊಸದೊಂದು ಬೂಷ್ಟು ಬೆಳೆದಿತ್ತು. ಅದು ಕಾಳಿನ ಸಿಪ್ಪೆಯ ಕೆಳಗೇ ಇರುತ್ತಿದ್ದುದರಿಂದ ಕಣ್ಣಿಗೆ ಕಾಣುತ್ತಿರಲಿಲ್ಲ. ಅದು ಸುರಿಸುವ ವಿಷದ ಅಣುವಿನ ಆಕಾರ ಹೆಣ್ಣಿನ ಹಾರ್ಮೋನಿನ ಆಕಾರಕ್ಕೆ ಎಷ್ಟು ಹತ್ತಿರವೆಂದರೆ, ಕಳ್ಳಕೀಲಿಯಂತೆ ಅದೇ ಬೀಗಕ್ಕೆ ಹೊಂದುತ್ತಿತ್ತು. ಗರ್ಭಕೋಶ ಮೋಸಹೋಗಿ ಉಬ್ಬುತ್ತಿತ್ತು, ಒಳಗಿನ ಜೀವಕ್ಕೆ ರಕ್ತ ನಿಲ್ಲುತ್ತಿತ್ತು. ರೊಟ್ಟಿಯ ಹೆಂಚಿನ ಬಿಸಿಗೂ ಆ ವಿಷ ಅಳಿಯುತ್ತಿರಲಿಲ್ಲ. ಹೊಲದಲ್ಲೇ ಹಸಿ ತೆನೆ ತಿನ್ನುವ ಹಂದಿಗೆ ಅದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ತಟ್ಟಿತ್ತು. ಮನುಷ್ಯರಿಗೆ ತಟ್ಟುವ ಮೊದಲು ಎಂಟು ತಿಂಗಳು ಹಂದಿಗಳು ಬಂಜೆಯಾಗಿ ತಿರುಗಿದ್ದವು. ಅವುಗಳನ್ನು ದಿನಕ್ಕೆ ಮೂವತ್ತರಂತೆ ಕೊಂದು ಕಿವಿಗೆ ಮುದ್ರೆ ಒತ್ತಲಾಗಿತ್ತು.

ಹೆಬಸೂರ ವರದಿಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ ಅವರು. ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

"ದಾಕ್ಷಾಯಣಿ, ನಾ ನಂಬತೀನಿ. ಆದ್ರ ಒಂದು ಹಂದಿ, ಒಂದು ಗಿರಣಿ ಹಿಟ್ಟು. ಇಷ್ಟರ ಮ್ಯಾಲೆ ನಾಲ್ಕು ಜಿಲ್ಲಾದ ಗೋವಿನಜೋಳ ಸುಡಸ್ರಿ ಅಂತ ನಾ ಯಾರಿಗೆ ಹೇಳಲಿ? ನೀನ ಸಂಖ್ಯಾಶಾಸ್ತ್ರದಾಕಿ. ಎಷ್ಟು ಮಾದರಿ ಬೇಕು ಹೇಳು."

"ಕಡಿಮಿ ಅಂದ್ರ ಅರವತ್ತು ಬೇಕು ಸರ್."

"ನಮ್ಮ ಕಡೆ ದಾಖಲೆ ಎಷ್ಟು ಹಂದೀವು ಅದಾವ?"

"ಹನ್ನೊಂದು ಸಾವಿರದ ನಾನೂರು."

ಹನ್ನೊಂದು ಸಾವಿರದ ನಾನೂರು ಹಂದಿಗಳು ಸತ್ತ ಜಾಗ, ಸತ್ತ ಗಳಿಗೆ, ರಕ್ತದ ಹನಿ, ಎಲ್ಲವೂ ಇತ್ತು. ಒಂದರ ಗರ್ಭವೂ ಇರಲಿಲ್ಲ. ಬೇಟೆಗಾರರು ಹೊಲದಲ್ಲೇ ಕೊಯ್ದು ಕರುಳು-ಗರ್ಭ ನಾಯಿಗೆ ಹಾಕಿ ಮಾಂಸ ಒಯ್ದಿದ್ದರು.

ಅರವತ್ತು ಹೊಟ್ಟೆ ಹುಡುಕುವುದು ಶುರುವಾಯಿತು. ಹುಲಗಪ್ಪ ಮತ್ತು ದಾಕ್ಷಾಯಣಿ ಹಳ್ಳಿ ಹಳ್ಳಿ ತಿರುಗಿದರು. ಹಳೆಯ ಕಟ್ಟೆಗಳಲ್ಲಿ ಕೆಲವು ಎಳನೀರಿನ ಅಂಗಡಿಯಾಗಿದ್ದವು, ಕೆಲವಕ್ಕೆ ತಗಡು ಇರಲಿಲ್ಲ. ಕಟ್ಟೆಯಲ್ಲಿ ದುಡಿದಿದ್ದವರು ಎಲ್ಲೆಲ್ಲೋ ಹೋಗಿದ್ದರು. ಗರ್ಭ ಯಾವುದು ಕರುಳು ಯಾವುದು ಎಂದು ಬಲ್ಲ ಕೈಗಳು ಹುಲಗಪ್ಪನವು ಮಾತ್ರ ಉಳಿದಿದ್ದವು. ಹೆಣ್ಣುಹಂದಿಗಳೂ ಉಳಿದಿರಲಿಲ್ಲ. ತಿಂಗಳಿಗೆ ಹದಿನೈದು ಸಿಕ್ಕರೆ ಹೆಚ್ಚು.

ವರದಿ ಒಪ್ಪಿಗೆಯಾಗುವವರೆಗೆ ಬಾಯಿ ಬಿಡಬೇಡ ಎಂದು ಹೆಬಸೂರ ಹೇಳಿದ್ದರೂ ದಾಕ್ಷಾಯಣಿ ಅಳಲಗೇರಿಯ ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಗೋವಿನಜೋಳ ತಿನ್ನಬೇಡಿ, ಬೀಸಬೇಡಿ, ಮಾರಬೇಡಿ.

"ನಾವೇನು ತಿನ್ನೂಣ್ರಿ ಮತ್ತ?" ಎಂದ ಒಬ್ಬ. "ಕಣದಾಗ ರಾಶಿ ಬಿದ್ದೈತಿ."

"ನಿಮ್ಮ ಆಫೀಸಿನವರ ಹೋದ ತಿಂಗಳ ಬಂದು ನಮ್ಮೂರಿಗೆ ಮೆಚ್ಚುಗಿ ಪತ್ರ ಕೊಟ್ಟು ಹೋಗ್ಯಾರ," ಎಂದ ಪಂಚಾಯಿತಿ ಅಧ್ಯಕ್ಷ. "ಹಂದಿ ಹೋದ್ವು, ಬೆಳಿ ಉಳೀತು ಅಂತ. ಈಗ ನೀವು ಅದ ಬೆಳಿ ವಿಷ ಅಂತೀರಿ. ಯಾವುದು ಖರೇ?"

"ಎರಡೂ ಖರೇ," ಎಂದಳು ಅವಳು. ಯಾರಿಗೂ ಅದು ಅರ್ಥವಾಗಲಿಲ್ಲ.

ಬಸಲಿಂಗ ಅಂದೇ ಗಿರಣಿಗೆ ಬೀಗ ಹಾಕಿದ. ಜನ ಮುಗಳಿಕೊಪ್ಪದ ಗಿರಣಿಗೆ ಹೋಗಿ ಬೀಸಿಸಿಕೊಂಡು ಬಂದರು.

ಅರವತ್ತನೆಯ ಹೊಟ್ಟೆ ಸಿಕ್ಕಿದ್ದು ಚೈತ್ರದಲ್ಲಿ. ಐವತ್ತೇಳರಲ್ಲಿ ಒಣಗಿದ ಮರಿಗಳಿದ್ದವು. ವೈಶಾಖ ಮುಗಿಯುವ ಹೊತ್ತಿಗೆ ಆದೇಶ ಹೊರಬಿತ್ತು. ಲಾರಿಗಳು ಬಂದು ಹಳೆಯ ಮಾಲನ್ನೂ ಹೊಸ ರಾಶಿಯನ್ನೂ ಹೊತ್ತುಕೊಂಡು ಹೋಗಿ ಸುಟ್ಟವು. ಮೂರು ದಿನ ಊರ ಮೇಲೆ ಹುರಿದ ಜೋಳದ ವಾಸನೆ ನಿಂತಿತ್ತು. ಅಷ್ಟರಲ್ಲಿ ಜನ ತಿನ್ನುವಷ್ಟು ತಿಂದಾಗಿತ್ತು. ನಾಲ್ಕು ಜಿಲ್ಲೆಯಲ್ಲಿ ಬಸಿರು ಕಳೆದುಕೊಂಡವರು ಮುನ್ನೂರ ನಲವತ್ತು ಎಂದು ಆಸ್ಪತ್ರೆಯ ಪಟ್ಟಿ ಹೇಳಿತು. ಆಸ್ಪತ್ರೆಗೆ ಬಾರದವರ ಲೆಕ್ಕ ಯಾರಲ್ಲೂ ಇರಲಿಲ್ಲ. ಪಟ್ಟಿಯಲ್ಲಿದ್ದ ಬಹುಪಾಲು ಹೆಂಗಸರ ಗರ್ಭಕೋಶ ಇನ್ನು ಬಸಿರು ಹಿಡಿಯುವುದಿಲ್ಲವೆಂದರು ವೈದ್ಯರು. ಸುವರ್ಣಾಳೂ ಅವರಲ್ಲಿ ಒಬ್ಬಳು.

ಹೆಬಸೂರ ದಾಕ್ಷಾಯಣಿಯನ್ನು ಕರೆದು ಹೊಸ ಯೋಜನೆಯ ಕಡತ ಕೊಟ್ಟರು. ಕಿವಿಮುದ್ರೆಯ ಸೂಜಿಗೆ ಈ ವಿಷವನ್ನು ಪತ್ತೆ ಮಾಡುವ ಶಕ್ತಿ ಕೂಡಿಸುವುದು. ಮುಂದಾಳತ್ವ ಅವಳದೇ.

"ಇದು ಗೊತ್ತಾತು, ಇದನ್ನ ನೋಡೂದು ಕೂಡಿಸ್ತೀವಿ," ಎಂದಳು ದಾಕ್ಷಾಯಣಿ. "ನಾಳೆ ಬರೂದು ಏನಂತ ಗೊತ್ತಿಲ್ಲಲ್ಲ ಸರ್. ಅದನ್ನ ಯಾರು ನೋಡತಾರ?"

ಅವಳು ಎದ್ದು ಹೊರಟಳು. ಕಡತ ಮೇಜಿನ ಮೇಲೇ ಉಳಿಯಿತು.

*

ಜ್ಯೇಷ್ಠದ ಒಂದು ಬೆಳಿಗ್ಗೆ ಅವಳು ಅಳಲಗೇರಿಗೆ ಹೋದಳು. ಗೌರವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಸಲಿಂಗ ಬೇರೆ ಊರಿಗೆ ಕೂಲಿಗೆ ಹೋಗಿದ್ದ. ಸುವರ್ಣಾ ಗಿರಣಿಯ ಕೋಣೆಯಲ್ಲಿ ಒದ್ದೆ ಅರಿವೆಯಿಂದ ಗೋಡೆ ಒರೆಸುತ್ತಿದ್ದಳು. ಮೊದಲೇ ಹಲವು ಸಲ ಒರೆಸಿದ್ದ ಗೋಡೆ. ಹಿಟ್ಟಿನ ಗುರುತೂ ಉಳಿದಿರಲಿಲ್ಲ.

"ಎಲ್ಲಾರೂ ನನ್ನ ಕೈಲೆ ಬೀಸಿಸಿಕೊಂಡು ಹೋದ್ರಕ್ಕಾ," ಎಂದಳು. "ದ್ಯಾಮಕ್ಕಗ ನಾನ ಕರದು ಕೊಟ್ಟೆ. ಬಸುರಿ ಇದ್ದೀ, ಮೆತ್ತಗಿನ ರೊಟ್ಟಿ ತಿನ್ನು ಅಂತ. ಈಗ ಆಕಿ ನನ್ನ ಕಂಡ್ರ ಓಣಿ ಬದಲಿ ಮಾಡತಾಳ."

"ನಿನಗ ಗೊತ್ತಿರಲಿಲ್ಲ ಸುವರ್ಣಾ."

"ಯಾರಿಗೂ ಗೊತ್ತಿರಲಿಲ್ಲ ಅಲ್ಲಾ?" ಸುವರ್ಣಾ ತಿರುಗಿ ನೋಡಿದಳು. "ಅದನ್ನ ನಾ ದಿನಾ ಹೇಳಿಕೋತೇನಿ. ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

ಹೌದು ಎಂದುಬಿಡಬಹುದಿತ್ತು. ಸರ್ಕಾರ ನೇಮಿಸಿದ್ದ ವಿಚಾರಣಾ ಸಮಿತಿಯೂ ಹಾಗೇ ಬರೆದಿತ್ತು: ಅಂದು ಲಭ್ಯವಿದ್ದ ಮಾಹಿತಿಯ ಮೇಲೆ ಯಾರನ್ನೂ ಹೊಣೆ ಮಾಡಲಾಗದು. ದಾಕ್ಷಾಯಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನನಗ ಕಂಡಿತ್ತು," ಎಂದಳು. "ಶ್ರಾವಣದಾಗ. ಮರಿ ಇಲ್ಲ ಅಂತ ಪರದೆ ಮ್ಯಾಲೆ ಕಂಡಿತ್ತು. ಹುಲಗಪ್ಪ ಕಾಕಾನೂ ಫೋನ್ ಮಾಡಿ ಹೇಳಿದ್ದ. ಒಂದು ಕೊಯ್ದು ನೋಡೂಣು ಅಂದಿದ್ದ. ನಾನ ನೋಡಲಿಲ್ಲ."

ಸುವರ್ಣಾಳ ಕೈ ಗೋಡೆಯ ಮೇಲೆ ಹಾಗೇ ನಿಂತಿತು. ಅರಿವೆಯಿಂದ ನೀರು ಮೊಣಕೈಗುಂಟ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಅವಳ ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ತಿಂಗಳು ಎಣಿಸುತ್ತಿದ್ದಾಳೆಂದು ದಾಕ್ಷಾಯಣಿಗೆ ತಿಳಿಯಿತು.

"ಆವಾಗ ನನಗ ಎರಡು," ಎಂದಳು ಸುವರ್ಣಾ.

"ಹೂಂ."

"ಆವಾಗ ಆ ರೊಟ್ಟಿ ಬಿಟ್ಟಿದ್ರ?"

"ಉಳೀತಿತ್ತು ಅಂತ ಹೇಳಾಕ ಬರೂದಿಲ್ಲ. ಉಳೀಬಹುದಿತ್ತು."

ಸುವರ್ಣಾ ಅರಿವೆಯನ್ನು ಬಕೀಟಿನಲ್ಲಿ ಅದ್ದಿ ಹಿಂಡಿದಳು. ಇನ್ನೊಮ್ಮೆ ಅದ್ದಿ ಹಿಂಡಿದಳು. ಹಿತ್ತಲಿನಿಂದ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ಅವಳು ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಅಕ್ಕನ ಮುಖ ನೋಡದೆ ಹೇಳಿದಳು:

"ಅವ್ವಗ ಇದನ್ನ ಹೇಳಬ್ಯಾಡ. ಆಕಿಗರೆ ಹಿರೇ ಮಗಳು ಉಳೀಲಿ. ನೀ ಈ ಮನಿಗೆ ಬರಬ್ಯಾಡ."

ದಾಕ್ಷಾಯಣಿ ಹಿತ್ತಲಿಗೆ ಹೋಗಿ, ತುರ್ತು ಕೆಲಸ ಬಂತೆಂದು ತಾಯಿಗೆ ಹೇಳಿದಳು. "ಈಗ ಬಂದಾಕಿ, ಚಾ ಕುಡದು ಹೋಗವಾ," ಎಂದಳು ಗೌರವ್ವ ಒದ್ದೆ ಕೈಯಲ್ಲೇ. ಬಸ್ಸು ತಪ್ಪುತ್ತದೆ ಎಂದು ಅವಳು ಹೊರಟಳು. ಮುಂದಿನ ಬಸ್ಸಿಗೆ ಇನ್ನೂ ಎರಡು ತಾಸಿತ್ತು.